ಅರ್ಧ ಮಗುವಿನದು, ಅರ್ಧ ರಸ್ತೆಯದು

ತಂಬಾಕಿನ ಬೇಲೊಂದರ ದರ್ಜೆ ಒಂದು ಮೆಟ್ಟಿಲು ಇಳಿಯಿತೆಂದರೆ ವರ್ಷದ ದುಡಿಮೆಯ ಗತಿ ಏನಾಗುವುದೆಂಬುದನ್ನು, ಕಟ್ಟೆಮಳಲವಾಡಿಯ ಹರಾಜು ಮಾರುಕಟ್ಟೆಯಲ್ಲಿ ನಿಂತು ಬಂದ ಹನಗೋಡಿನ ರೈತನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ಅವನ ಮನೆಯಲ್ಲಿ ಸ್ಪೈನಲ್ ಮಸ್ಕ್ಯುಲರ್ ಅಟ್ರೋಫಿಯ ಮಗುವೊಂದಿದ್ದರೆ, ಆ ಮಗುವಿನ ಕಸುವಿಗೂ ಅಂತಹುದೇ ಒಂದು ತೂಗುವಿಕೆಯುಂಟೆಂಬುದು ಅವನ ಕಿವಿಗೆ ಬೀಳುವುದೇ ತಡವಾಗಿ.

ಎಸ್‌ಎಂಎನ್‌1 ಎಂಬ ಜೀನಿನ ಲೋಪದಿಂದ ಬೆನ್ನುಹುರಿಯ ಚಾಲಕ ನರಕೋಶಗಳು ನಶಿಸುತ್ತ ಬಂದು, ಬುದ್ಧಿ ಚುರುಕಾಗಿಯೇ ಇರುವ ಮಗುವಿನ ಕೈಕಾಲುಗಳು ಸೊರಗುವ ಈ ವ್ಯಾಧಿಯಲ್ಲಿ, ಲಂಡನ್ನಿನ ಆಸ್ಪತ್ರೆಯೊಂದರ ಹೆಸರು ಹೊತ್ತ ಹ್ಯಾಮರ್‌ಸ್ಮಿತ್ ಮಾಪನವು ಬಹುಮಟ್ಟಿಗೆ ಸರ್ವಮಾನ್ಯವಾದ ತಕ್ಕಡಿ. ಅದರ ವಿಸ್ತೃತ ರೂಪದಲ್ಲಿ ಕುಳಿತುಕೊಳ್ಳುವುದು, ಮಗ್ಗುಲಾಗುವುದು, ಮಲಗಿ ತಲೆಯೆತ್ತುವುದು, ಮೆಟ್ಟಿಲೇರುವುದು ಮೊದಲಾಗಿ 33 ಪರೀಕ್ಷೆಗಳು, ಸರಾಗವಾಗಿ ಮಾಡಿದರೆ 2, ಹೇಗೋ ಹೊಂದಿಸಿಕೊಂಡು ಮಾಡಿದರೆ 1, ಆಗದಿದ್ದರೆ 0, ಒಟ್ಟು 66. ತೋಳುಗಳನ್ನಷ್ಟೇ ನೋಡುವ 37 ಅಂಕಗಳ ಇನ್ನೊಂದು ಮಾಪನದಲ್ಲಿ ಕಾಗದ ಹರಿಯುವುದೂ ಲೋಟವನ್ನು ಬಾಯಿಗೊಯ್ಯುವುದೂ ಸೇರಿವೆ. ಮುದ್ದೆ ಮುರಿದು ಸಾರಿನಲ್ಲಿ ಅದ್ದುವುದನ್ನು ಅವರು ಸೇರಿಸಲಿಲ್ಲವಲ್ಲ ಎಂಬುದು ನನ್ನದೊಂದು ಸಣ್ಣ ಅಸಮಾಧಾನ.

66ರಲ್ಲಿ 3 ಅಂಕವೆಂದರೆ ನೋಡುವವರಿಗೆ ತೃಣಸಮಾನ. ಆದರೆ ನುಸಿನೆರ್ಸೆನ್ ಔಷಧದ ಪ್ರಯೋಗದಲ್ಲಿ ಅಷ್ಟು ಏರಿಕೆಯನ್ನೇ ಸಾರ್ಥಕವೆಂದೆಣಿಸಿದರು. ಚಿಕಿತ್ಸೆಯಿಲ್ಲದೆ ಕಾಲಕ್ರಮದಲ್ಲಿ ಇಳಿಯುವುದೇ ಈ ವ್ಯಾಧಿಯ ಸ್ವಭಾವವಾದುದರಿಂದ, ಇಳಿಯದೆ ನಿಂತ ಅಂಕವೂ ಲಾಭವೇ.

ಇಷ್ಟು ಸೂಕ್ಷ್ಮವಾದ ತಕ್ಕಡಿಯ ಮುಂದೆ ನಾವು ಮಗುವನ್ನು ತರುವ ಬಗೆಯಾದರೂ ಎಂತಹುದು? ನಸುಕಿನಲ್ಲೆಬ್ಬಿಸಿ, ಹುಣಸೂರು ಮೈಸೂರುಗಳನ್ನು ದಾಟಿಸಿ, ಬಸ್ಸಿನಿಂದ ಬಸ್ಸಿಗೆ ಎತ್ತಿಕೊಂಡು ಬೆಂಗಳೂರು ಸೇರಿಸುವಷ್ಟರಲ್ಲಿ, ಸುಲಭವಾಗಿ ದಣಿಯುವುದೇ ರೋಗಲಕ್ಷಣವಾಗಿರುವ ಆ ದೇಹ ಸೋತುಹೋಗಿರುತ್ತದೆ. ಹಾಗೆ ಬರೆದುಕೊಂಡ ಅಂಕ ಅರ್ಧ ಮಗುವಿನದು, ಅರ್ಧ ರಸ್ತೆಯದು.

2021ರ ಅಪರೂಪದ ಕಾಯಿಲೆಗಳ ರಾಷ್ಟ್ರೀಯ ನೀತಿಯ ಪ್ರಕಾರ ರೋಗಿಯೊಬ್ಬರಿಗೆ ಈಗ 50 ಲಕ್ಷ ರೂಪಾಯಿಗಳವರೆಗೆ ನೆರವುಂಟು. ಅದಕ್ಕಾಗಿ ಗೊತ್ತುಪಡಿಸಿದ ಕೇಂದ್ರ ಬೆಂಗಳೂರಿನಲ್ಲಿದೆ. ರೋಗನಿರ್ಣಯವೂ ಔಷಧವೂ ಅಲ್ಲಿಯೇ ಇರಲಿ, ತಕರಾರಿಲ್ಲ. ಆದರೆ ಅಳತೆಗೆ ಬೇಕಾದುದು ಒಂದು ಚಾಪೆ, ಒಂದು ಬೆಂಚು, ನಾಲ್ಕು ಮೆಟ್ಟಿಲು, ಒಂದು ಗಡಿಯಾರ, ಮತ್ತು ಪಳಗಿದ ಕಣ್ಣು. ಅಳೆಯುವವರು ಬದಲಾದರೆ ಅಂಕವೂ ಬದಲಾದೀತೆಂದು ತಜ್ಞರು ಆಕ್ಷೇಪಿಸುವುದು ನ್ಯಾಯವೇ. ಆದುದರಿಂದಲೇ ಹುಣಸೂರಿನ ತಾಲ್ಲೂಕು ಆಸ್ಪತ್ರೆಯಲ್ಲಿ ಒಬ್ಬ ಫಿಸಿಯೋಥೆರಪಿಸ್ಟರಿಗೆ ಕ್ರಮವಾದ ತರಬೇತಿ ಕೊಟ್ಟು, ಆರು ತಿಂಗಳಿಗೊಮ್ಮೆ ಅವರೇ, ಮಗು ಉಂಡು ಮಲಗಿ ಎದ್ದ ಹೊತ್ತಿನಲ್ಲಿ ಅಳೆದು, ವಿಡಿಯೋವನ್ನು ಬೆಂಗಳೂರಿಗೆ ಕಳುಹಿಸುವ ಏರ್ಪಾಡಾಗಬೇಕು. ಪಿರಿಯಾಪಟ್ಟಣ, ಹೆಚ್.ಡಿ. ಕೋಟೆ, ಕೆ.ಆರ್. ನಗರಗಳ ಮಕ್ಕಳಿಗೂ ಹುಣಸೂರು ಬೆಂಗಳೂರಿಗಿಂತ ಹತ್ತಿರ. ಮೈಸೂರು ಜಿಲ್ಲೆಯ ಆರೋಗ್ಯಾಧಿಕಾರಿಗಳು ಇದನ್ನು ಈ ವರ್ಷವೇ ಆರಂಭಿಸಲಿ.