ಜೋಳದ ರಸ್ತೆಯಲ್ಲಿ ನಾಲ್ಕು ಗಾಲಿ

ಯುಗಾದಿ ಮುಗಿದು ಎರಡು ವಾರವಾಗಿತ್ತು. ತವರೂರು ತಳಕಲ್‌ಗೆ ಹೊರಟಾಗ ಬೆಂಗಳೂರಿನಿಂದ ತಂಗಿಯ ಮಗನೂ ಜತೆಗೆ ಬಂದ. ಒಂಬತ್ತನೇ ತರಗತಿ ಪರೀಕ್ಷೆ ಮುಗಿಸಿದ ಹುಡುಗ. ಬಟ್ಟೆಯ ಚೀಲ ಅಂಗೈಯಗಲ, ಬೆನ್ನಿಗೆ ಮಾತ್ರ ಸ್ಕೇಟ್‌ಬೋರ್ಡ್ ಬಿಗಿದುಕೊಂಡಿದ್ದ. ರೈಲಿನಲ್ಲಿ ಎದುರು ಕೂತಿದ್ದ ಹಿರಿಯರೊಬ್ಬರು ಗದಗ ದಾಟುವವರೆಗೂ ಅದನ್ನೇ ನೋಡಿ ನೋಡಿ, ಕೊನೆಗೆ ತಡೆಯಲಾರದೆ ಕೇಳಿದರು: "ಊಟಕ್ಕ ಕೂಡೋ ಮಣಿಗೆ ಗಾಲಿ ಯಾಕ ಹಚ್ಚ್ಯಾರ್ರಿ ಅಕ್ಕಾರ?"

ನನಗೂ ಅದಕ್ಕಿಂತ ಹೆಚ್ಚೇನೂ ಗೊತ್ತಿರಲಿಲ್ಲ ಅನ್ನಿ.

ತಳಕಲ್ ಈಗ ಕುಕನೂರು ತಾಲ್ಲೂಕಿನ ಊರು, ನಾವು ಚಿಕ್ಕವರಿದ್ದಾಗ ಯಲಬುರ್ಗಾ ಎನ್ನುತ್ತಿದ್ದೆವು. ಗದಗ–ವಾಡಿ ಹೊಸ ರೈಲು ಹಳಿ ಇಲ್ಲಿಂದಲೇ ಕವಲೊಡೆಯುತ್ತದೆ. 2025ರ ಮೇ ತಿಂಗಳಲ್ಲಿ ಅದರ ಮೇಲೆ ಕುಷ್ಟಗಿಯವರೆಗೆ ರೈಲು ಓಡಿತು. ಆದರೆ ನಮ್ಮ ಓಣಿಯ ಹುಡುಗರಿಗೆ ರೈಲಿಗಿಂತ ದೊಡ್ಡ ಸಂಗತಿ ಎಂದರೆ ಓಣಿಗೆ ಬಂದ ಸಿಮೆಂಟ್ ರಸ್ತೆ. ಮಣ್ಣಿನ ದಾರಿಯಲ್ಲಿ ಅವರ ಬೇರಿಂಗ್ ಗಾಡಿ ಓಡುತ್ತಿರಲಿಲ್ಲ.

ಬೇರಿಂಗ್ ಗಾಡಿ ಗೊತ್ತಲ್ಲ ಮಕ್ಕಳೇ? ಗ್ಯಾರೇಜಿನಲ್ಲಿ ಸವೆದು ಬಿಸಾಕಿದ ಬೇರಿಂಗ್‌ಗಳನ್ನು ಬೇಡಿ ತಂದು, ಕಟ್ಟಿಗೆಗೆ ಸಿಕ್ಕಿಸಿ, ಮೇಲೊಂದು ಹಲಗೆ ಬಡಿದರೆ ಮುಗಿಯಿತು. ಒಬ್ಬ ಕೂಡಬೇಕು, ಒಬ್ಬ ನೂಕಬೇಕು. ಅದರ ಗರ್ರೆನ್ನುವ ಸದ್ದಿಗೆ ಓಣಿಯ ನಾಯಿಗಳೆಲ್ಲ ಎದ್ದು ಓಡುತ್ತವೆ. ಬೆಂಗಳೂರಿನ ಹುಡುಗ ಇಳಿದ ದಿನ ಸಂಜೆಯೇ ಈ ಗಾಡಿಯವರು ನಮ್ಮ ಬಾಗಿಲಿಗೆ ಬಂದು ನಿಂತರು. ಅವರಲ್ಲೊಬ್ಬ, ಹದಿಮೂರರ ಹುಡುಗ, ಸ್ಕೇಟ್‌ಬೋರ್ಡನ್ನು ತಿರುವಿ ಹಾಕಿ, ಗಾಲಿಯ ನಡುವೆ ಬೆರಳಿಟ್ಟು, "ಇದರಾಗೂ ಬೇರಿಂಗ್ ಐತ್ರೀ!" ಎಂದ. ನಿಜವೇ. ಒಂದೊಂದು ಗಾಲಿಯಲ್ಲಿ ಎರಡರಂತೆ ಒಟ್ಟು ಎಂಟು. ಸುತ್ತಳತೆಯ ಅಂಚಿನಿಂದ ಅಂಚಿಗೆ 22 ಮಿಲಿಮೀಟರ್ ಇರುವ ಪುಟ್ಟ ಬೇರಿಂಗ್. ಅವುಗಳ ಸುತ್ತ ರಬ್ಬರಿನಂಥ ಗಾಲಿ ಇರುವುದರಿಂದ ಸದ್ದು ಕಡಿಮೆ, ಅಷ್ಟೇ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 1950ರ ದಶಕದಲ್ಲಿ ಈ ಆಟ ಹುಟ್ಟಿದ್ದೂ ಹೀಗೇ. ಹಳೆಯ ರೋಲರ್ ಸ್ಕೇಟಿನ ಗಾಲಿಗಳನ್ನು ಕಿತ್ತು ಹಲಗೆಗೆ ಬಡಿದ ಹುಡುಗರಿಂದ.

ಎರಡು ದಿನ ಓಣಿಯಲ್ಲಿ ಹಬ್ಬ. ಮೂರನೆಯ ದಿನ ಅನಾಹುತವಾಯಿತು.

ನಮ್ಮ ಕಡೆ ಸಿಮೆಂಟ್ ರಸ್ತೆ ಎಂದರೆ ಕಣವೂ ಹೌದು. ಮೂರನೆಯ ಮನೆಯ ಅಜ್ಜಿ ವರ್ಷದ ಬಿಳಿಜೋಳವನ್ನು ತುಂಬಿಡುವ ಮುನ್ನ ಬಿಸಿಲು ಕಾಣಿಸಲೆಂದು ತಾಡಪತ್ರಿ ಹಾಸಿ ಹರವಿದ್ದಳು. ನಮ್ಮ ಹುಡುಗ ಇಳಿಜಾರಿನಲ್ಲಿ ಬಂದವನು ತಿರುಗಿಸಲಾರದೆ ಬಿದ್ದ. ಕಾಲಿನಿಂದ ಜಾರಿದ ಬೋರ್ಡು ಸೀದಾ ಜೋಳಕ್ಕೆ ನುಗ್ಗಿ, ತಾಡಪತ್ರಿಯ ಅಂಚನ್ನು ಎಳೆದುಕೊಂಡು ಹೋಯಿತು. ಜೋಳ ರಸ್ತೆಗೆ ಚೆಲ್ಲಿತು.

ಕಟ್ಟೆಯ ಮೇಲೆ ಕೂತಿದ್ದ ಓಣಿಯ ಗಂಡಸೊಬ್ಬರು ಎದ್ದು ಬಂದರು. ಹಿಂದೆ ಓಡಿ ಬರುತ್ತಿದ್ದ ಆ ಹದಿಮೂರರ ಹುಡುಗನ ಕಪಾಳಕ್ಕೆ ಬಾರಿಸಿದರು. ನೆಲದಿಂದ ಏಳುತ್ತಿದ್ದ ನಮ್ಮವನಿಗೆ, "ಪೆಟ್ಟಾತೇನು ತಮ್ಮಾ? ಒಳಗ ನಡಿ" ಎಂದರು. ಅಜ್ಜಿ ಬೋರ್ಡನ್ನು ಎತ್ತಿಕೊಂಡು ಮನೆಯೊಳಗೆ ಹೋದಳು. ನಾನು ಬಾಗಿಲಲ್ಲೇ ನಿಂತಿದ್ದೆ. ಎಲ್ಲವನ್ನೂ ನೋಡಿದೆ. ಬಾಯಿ ಬಿಡಲಿಲ್ಲ.

ರಾತ್ರಿ ನಮ್ಮ ಹುಡುಗ ರೊಟ್ಟಿ ಮುಟ್ಟಲಿಲ್ಲ. "ದೊಡ್ಡಮ್ಮಾ, ಬೋರ್ಡ್ ನಂದು. ಬಿದ್ದಿದ್ದು ನಾನು. ಅವನಿಗೆ ಯಾಕೆ ಹೊಡೆದರು?" ಎಂದ. ನಾವು ಊರಿಗೆ ಬಂದ ನೆಂಟರು, ಅವನು ದಿನಾ ಕಣ್ಣಿಗೆ ಬೀಳುವವನು, ಅದಕ್ಕೇ ಎಂದು ಹೇಳಲು ನನ್ನ ನಾಲಿಗೆ ಏಳಲಿಲ್ಲ.

ಈ ಆಟವಾಡುವ ಹುಡುಗರಿಗೂ ಊರಿಗೂ ಎಲ್ಲ ಕಡೆಯೂ ಒಂದಲ್ಲ ಒಂದು ಜಗಳ ಇದ್ದೇ ಇದೆ ಎಂದು ಆಮೇಲೆ ಓದಿ ತಿಳಿದೆ. ನಾರ್ವೆ ದೇಶ, ಪೆಟ್ಟಾಗುತ್ತದೆ ಎಂದು, 1978ರಿಂದ 1989ರವರೆಗೆ ಸ್ಕೇಟ್‌ಬೋರ್ಡನ್ನೇ ನಿಷೇಧಿಸಿತ್ತು. ಅಲ್ಲಿನ ಹುಡುಗರು ಕಾಡಿನೊಳಗೆ ಹಲಗೆಯ ಇಳಿಜಾರು ಕಟ್ಟಿ ಕದ್ದು ಆಡಿದರು. ಬೆಂಗಳೂರಿನಲ್ಲಿ ಹೋಲಿಸ್ಟೋಕ್ಡ್ ಎಂಬ ಗೆಳೆಯರ ಬಳಗ 2013ರಲ್ಲಿ ಹೊರದೇಶದ ಆಟಗಾರರನ್ನೂ ಸೇರಿಸಿಕೊಂಡು, ಜೀನ್ಸ್ ಕಂಪನಿ ಲೀವೈಸ್‌ನ ನೆರವಿನಿಂದ, ತಾವೇ ಸಿಮೆಂಟ್ ಕಲಸಿ ಆಟದ ಜಾಗ ಕಟ್ಟಿಕೊಂಡಿತು. ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಈ ಆಟಕ್ಕೆ ಮೊದಲ ಸಲ ಪದಕ ಕೊಟ್ಟಾಗ, ಬಾಲಕಿಯರ ಸ್ಟ್ರೀಟ್ ವಿಭಾಗದ ಚಿನ್ನ ಜಪಾನಿನ ಮೊಮಿಜಿ ನಿಶಿಯಾಗೆ, ಬೆಳ್ಳಿ ಬ್ರೆಜಿಲ್‌ನ ರೈಸಾ ಲೀಲ್‌ಗೆ. ಇಬ್ಬರಿಗೂ 13 ವರ್ಷ. ಬಾಲಕಿಯರ ಎಂದು ಬರೆದೆ ನೋಡಿ, ಸ್ಪರ್ಧೆ ಮಹಿಳೆಯರದು!

ನನಗೆ ಹೆಚ್ಚು ಹಿಡಿಸಿದ್ದು ಮಧ್ಯಪ್ರದೇಶದ ಪನ್ನಾ ಜಿಲ್ಲೆಯ ಜನ್ವಾರ್ ಹಳ್ಳಿಯ ಕತೆ. ಜರ್ಮನಿಯ ಉಲ್ರಿಕೆ ರೈನ್‌ಹಾರ್ಡ್ ಎಂಬಾಕೆ 2015ರಲ್ಲಿ ಅಲ್ಲಿ ಸ್ಕೇಟ್ ಪಾರ್ಕ್ ಕಟ್ಟಿಸಿದರು. ಆ ಊರಿನಲ್ಲಿ ಆದಿವಾಸಿಗಳ ಕೇರಿ ಬೇರೆ, ಯಾದವರ ಕೇರಿ ಬೇರೆ, ಮಕ್ಕಳು ಕೂಡಿ ಆಡುವ ರೂಢಿ ಇರಲಿಲ್ಲ. ಪಾರ್ಕಿಗೆ ಎರಡೇ ನಿಯಮ ಇಟ್ಟರು: ಶಾಲೆಗೆ ಹೋಗದವರಿಗೆ ಆಟವಿಲ್ಲ, ಮೊದಲ ಸರದಿ ಹುಡುಗಿಯರದು. ಬೋರ್ಡು ಕಡಿಮೆ, ಮಕ್ಕಳು ಹೆಚ್ಚು. ಹಂಚಿಕೊಳ್ಳದೆ ವಿಧಿಯಿರಲಿಲ್ಲ. ಅಲ್ಲಿಯ ಆಶಾ ಗೊಂಡ್ 2018ರಲ್ಲಿ ಚೀನಾದ ನಾನ್‌ಜಿಂಗ್‌ನಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್‌ಗೆ ಹೋಗಿ ಬಂದಳು.

ನಮ್ಮ ಓಣಿಗೆ ಹಾಗೆ ಯಾರೂ ಪಾರ್ಕ್ ಕಟ್ಟಿಸುವುದಿಲ್ಲ. ಮರುದಿನ ಬೆಳಿಗ್ಗೆ ನಮ್ಮ ಹುಡುಗ ಅಜ್ಜಿಯ ಮನೆಗೆ ತಾನೇ ಹೋದ. ಹಿಂದೆ ನಾನೂ ಹೋದೆ. ಅಜ್ಜಿ ಮೊರ ಹಿಡಿದು ಕೂತಿದ್ದಳು. "ಚೆಲ್ಲಿದ್ದಕ್ಕ ಸಿಟ್ಟಿಲ್ಲ ಯಪ್ಪಾ, ಬಳಕೊಂಡೀನಿ. ಆದ್ರ ಹಳ್ಳು ಕೂಡ್ಯಾವು. ರೊಟ್ಟಿಯಾಗ ಹಲ್ಲಿಗೆ ಸಿಕ್ರ ಯಾರ್ನ ಬೈಲಿ?" ಎಂದಳು. ಹುಡುಗ ಅಲ್ಲೇ ಕೂತು ಜೋಳ ಹಸನು ಮಾಡತೊಡಗಿದ. ಅವನಿಗೆ ಮೊರ ಹಿಡಿಯಲೂ ಬಾರದು. ಸ್ವಲ್ಪ ಹೊತ್ತಿಗೆ ಗಾಡಿಯ ಹುಡುಗರೂ ಒಬ್ಬೊಬ್ಬರಾಗಿ ಬಂದು ಕೂತರು. ಏಟು ತಿಂದವನು ಎಲ್ಲರಿಗಿಂತ ಕೊನೆಗೆ ಬಂದ, ಹೊಸ್ತಿಲ ಹೊರಗೇ ನಿಂತ. ಅಜ್ಜಿ ಅವನ ಹೆಸರು ಹಿಡಿದು ಕರೆದ ಮೇಲೆಯೇ ಒಳಗೆ ಬಂದದ್ದು.

ಎರಡು ತಾಸಾಯಿತು. ಅಜ್ಜಿಯೇ ಒಪ್ಪಂದ ಹೇಳಿದಳು. ಬಿಸಿಲು ಏರುವ ಮುನ್ನ ಮತ್ತು ಕಾಳು ಎತ್ತಿದ ಮೇಲೆ ರಸ್ತೆ ಹುಡುಗರದು, ನಡುವೆ ಅವಳದು. ಸಂಜೆ ಕಾಳು ಎತ್ತಲು ಹುಡುಗರೇ ಬರಬೇಕು. ಮಧ್ಯಾಹ್ನ ಮಲಗುವವರ ಮನೆಯ ಮುಂದೆ ಬೇರಿಂಗ್ ಗಾಡಿ ಬೇಡ ಎಂದು ಎದುರು ಮನೆಯವರು ಸೇರಿಸಿದರು, ಅದೂ ಸರಿಯೇ.

ಬಾರಿಸಿದವರು ಏನೂ ಹೇಳಲಿಲ್ಲ, ಅವರನ್ನು ಯಾರೂ ಕೇಳಲೂ ಇಲ್ಲ. ನಾನು ಸಂಜೆ ಆ ಹುಡುಗನ ತಾಯಿಯ ಬಳಿ ಹೋಗಿ, ತಪ್ಪು ನಮ್ಮವನದು, ನಾನು ಅಲ್ಲೇ ಇದ್ದೂ ಸುಮ್ಮನಿದ್ದೆ ಎಂದೆ. "ಇರಲಿ ಬಿಡ್ರಿ ಅಕ್ಕಾರ, ಹುಡುಗ್ರು ಅಂದಮ್ಯಾಲ ಏಟು ತಿಂತಾವ" ಎಂದು ಚಹಾಕ್ಕೆ ಇಟ್ಟಳು. ಆ ಮಾತಿನಿಂದ ನನಗೇನೂ ಹಗುರಾಗಲಿಲ್ಲ. ಮಗ ಮೂಲೆಯಲ್ಲಿ ಕೂತು ಬೇರಿಂಗ್‌ಗೆ ಎಣ್ಣೆ ಹಾಕುತ್ತಿದ್ದ, ತಲೆ ಎತ್ತಲಿಲ್ಲ.

ಹೊರಡುವ ದಿನ ನಮ್ಮ ಹುಡುಗ ಬೋರ್ಡನ್ನು ಅವನಿಗೇ ಬಿಟ್ಟು ಬಂದ. ತಂಗಿ ಫೋನಿನಲ್ಲಿ ನನ್ನ ಮೇಲೆ ರೇಗಿದಳು, ಅಗ್ಗದ ವಸ್ತುವಲ್ಲವಂತೆ.

ಹೋದ ವಾರ ಅಣ್ಣ ಒಂದು ಫೋಟೊ ಕಳಿಸಿದ್ದಾನೆ. ಬೋರ್ಡಿನ ಮೇಲೆ ಜೋಳದ ಚೀಲ. ಮುಂದೆ ಹಗ್ಗ ಹಿಡಿದು ಎಳೆಯುತ್ತಿರುವವನು ಆ ಹುಡುಗ, ಹಿಂದೆ ಚೀಲ ವಾಲದಂತೆ ಕೈಯಿಟ್ಟು ಬರುತ್ತಿರುವವಳು ಅಜ್ಜಿ.