ಬಿಳಿಗಿರಿಯ ತಂಪು, ಹನೂರಿನ ಬಯಲು

ನಂದಿಬೆಟ್ಟದ ತಪ್ಪಲಿನಲ್ಲಿ ಫ್ರಾನ್ಸಿನ ದ್ರಾಕ್ಷಿ ತಳಿಗಳನ್ನು ನೆಡಿಸಿದ ಕನ್ವಲ್ ಗ್ರೋವರ್ ಅವರು 1988ರಲ್ಲಿ ಉದ್ಯಮವನ್ನು ಸ್ಥಾಪಿಸಿ, ಕ್ರಮೇಣ ಗೌರವಾರ್ಹವಾದ ವೈನನ್ನು ತೆಗೆದು ತೋರಿಸಿದಂದಿನಿಂದ, ಎತ್ತರದ ನೆಲ, ತಣ್ಣನೆಯ ರಾತ್ರಿ, ನೀರು ಬಸಿದುಹೋಗುವ ಕೆಮ್ಮಣ್ಣು ಇವಿಷ್ಟಿದ್ದರೆ ಕರ್ನಾಟಕದ ಯಾವ ಮೂಲೆಯಲ್ಲಾದರೂ ಯೂರೋಪಿನ ಶೀತಪ್ರದೇಶದ ವೈನನ್ನು ಸಿದ್ಧಪಡಿಸಬಹುದೆಂಬ ನಂಬಿಕೆ ನಮ್ಮಲ್ಲಿ ಮೆಲ್ಲಮೆಲ್ಲನೆ ಬೇರೂರಿದೆ. ಆ ನಂಬಿಕೆಯ ಕಣ್ಣು ಇಂದಲ್ಲ ನಾಳೆ ಕೊಳ್ಳೇಗಾಲ, ಹನೂರು, ಯಳಂದೂರುಗಳ ಮೇಲೆ ಬೀಳದೆ ಇರದು. ಏಕೆಂದರೆ ಇಲ್ಲಿಯ ಮುಸುಕಿನ ಜೋಳದ ಹೊಲಗಳ ನೆತ್ತಿಯ ಮೇಲೆಯೇ ಸುಮಾರು 1,800 ಮೀಟರುಗಳವರೆಗೆ ಏರುವ ಬಿಳಿಗಿರಿರಂಗನ ಬೆಟ್ಟಗಳ ಸಾಲು ನಿಂತಿದೆ. ಆದುದರಿಂದ ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುವುದು ಲೇಸು. ತಂಪಿರುವ ನೆಲ ನಮ್ಮಲ್ಲಿ ಉಂಟು, ಅದು ದ್ರಾಕ್ಷಿಗೆ ಕೊಡತಕ್ಕುದಲ್ಲ; ಕೊಡಬಹುದಾದ ನೆಲವೂ ಉಂಟು, ಅದರ ತಂಪು ಇನ್ನೂ ಬರಿಯ ಬಾಯಿಮಾತಿನದು.

ಶೀತಪ್ರದೇಶದ ವೈನುಗಳಲ್ಲಿ ಸಿರಾ ತಳಿಯ ವೈನಿಗೆ ವಿಶೇಷ ಮನ್ನಣೆ. ಆಸ್ಟ್ರೇಲಿಯದವರು ಶಿರಾಜ್ ಎಂದು ಕರೆಯುವ ಈ ಕಪ್ಪು ದ್ರಾಕ್ಷಿಯನ್ನು ಧರ್ಮಯುದ್ಧದಿಂದ ಮರಳಿದ ಯೋಧನೊಬ್ಬನು ಪರ್ಷಿಯದಿಂದ ತಂದನೆಂಬ ಐತಿಹ್ಯ ಬಹುಕಾಲ ಪ್ರಚಾರದಲ್ಲಿದ್ದಿತು. 1998ರಲ್ಲಿ ಪ್ರಕಟವಾದ ಡಿಎನ್‌ಎ ಪರೀಕ್ಷೆಯ ಫಲಿತಾಂಶವು ಇದರ ತಂದೆತಾಯಿಗಳೆರಡೂ ಫ್ರಾನ್ಸಿನ ಆಗ್ನೇಯ ಭಾಗದ ತಳಿಗಳೇ ಎಂದು ತೋರಿಸಿ ಆ ಕಥೆಗೆ ಮಂಗಳ ಹಾಡಿತು. ರೋನ್ ನದಿಯ ಉತ್ತರ ಭಾಗದ ಕಡಿದಾದ ಇಳಿಜಾರುಗಳಲ್ಲಿ, ಎರ್ಮಿತಾಜ್, ಕೋತ್‌ರೋತಿ ಮೊದಲಾದ ಸ್ಥಳಗಳಲ್ಲಿ ನಿಧಾನವಾಗಿ ಮಾಗಿದ ಸಿರಾದಲ್ಲಿ ಕಾಳುಮೆಣಸಿನದೇ ಎನ್ನಬಹುದಾದ ಒಂದು ಪರಿಮಳ ಹುಟ್ಟುತ್ತದೆ. ಇದು ರಸಿಕರ ಕಲ್ಪನೆಯೆಂದು ತಳ್ಳಿಹಾಕುವಂತಿಲ್ಲ. 2008ರಲ್ಲಿ ಆಸ್ಟ್ರೇಲಿಯದ ವಿಜ್ಞಾನಿಗಳು ದ್ರಾಕ್ಷಿಯಲ್ಲಿಯೂ ಕಾಳುಮೆಣಸಿನಲ್ಲಿಯೂ ಈ ವಾಸನೆಗೆ ಕಾರಣವಾದ ವಸ್ತು ಒಂದೇ ಎಂದೂ ಅದು ರೋಟಂಡೋನ್ ಎಂದೂ ಗುರುತಿಸಿದರು. ಆ ವಸ್ತು ಅದಕ್ಕೂ ಬಹಳ ಹಿಂದೆಯೇ ಪತ್ತೆಯಾಗಿದ್ದುದು ಭದ್ರಮುಷ್ಟಿಯ ಗಡ್ಡೆಯಲ್ಲಿ. ನಮ್ಮ ರೈತರು ಶಪಿಸುತ್ತ ಕಿತ್ತೆಸೆಯುವ ಕಳೆಯೂ ಫ್ರೆಂಚರು ಬೆಲೆಕಟ್ಟಿ ಮಾರುವ ಸುಗಂಧವೂ ಹೀಗೆ ದಾಯಾದಿಗಳಾದುವು. ರುಚಿ ನೋಡಲು ಕೂಡಿಸಿದವರಲ್ಲಿ ಐವರಿಗೊಬ್ಬರಂತೆ ಆ ವಾಸನೆಯೇ ತಿಳಿಯಲಿಲ್ಲವೆಂದೂ ಅದೇ ಸಂಶೋಧನೆಯಲ್ಲಿ ಕಂಡುಬಂದಿತು. ವೈನಿನ ಗುಣವರ್ಣನೆಯನ್ನು ಕೇಳಿ ಕಕ್ಕಾಬಿಕ್ಕಿಯಾಗುವ ಸಾಮಾನ್ಯರಿಗೆ ಇದೊಂದು ಸಮಾಧಾನ.

ಈ ಪರಿಮಳ ತಂಪಿನಲ್ಲಿ ಹೆಚ್ಚು, ಬಿಸಿಲಿನಲ್ಲಿ ಕಡಿಮೆ. ರೋನ್ ಕಣಿವೆಯಲ್ಲಿ ಬಳ್ಳಿಯು ಚಳಿಗಾಲವೆಲ್ಲ ನಿದ್ರಿಸಿ, ವಸಂತದಲ್ಲಿ ಚಿಗುರಿ, ಹಗಲು ಕಿರಿದಾಗುತ್ತ ಬಿಸಿಲು ಇಳಿಯುತ್ತ ಬರುವ ಸೆಪ್ಟೆಂಬರಿನಲ್ಲಿ ಹಣ್ಣನ್ನು ಮಾಗಿಸುತ್ತದೆ. ಹನ್ನೆರಡು ಡಿಗ್ರಿ ಅಕ್ಷಾಂಶದ ನಮ್ಮ ನೆಲದಲ್ಲಿ ಬಳ್ಳಿಗೆ ನಿದ್ರೆಯೆಂಬುದೇ ಇಲ್ಲ. ಅದರ ಋತುವನ್ನು ಕತ್ತರಿಯೇ ನಿರ್ಧರಿಸಬೇಕು: ಏಪ್ರಿಲ್ ಚಾಟನಿಯಿಂದ ಕಡ್ಡಿಯನ್ನು ಬಲಿಸಿ, ಅಕ್ಟೋಬರ್ ಚಾಟನಿಯಿಂದ ಹಣ್ಣನ್ನು ಹೊರಡಿಸುವುದು ವಿಜಯಪುರದ ಕಡೆಯ ಬೆಳೆಗಾರರೆಲ್ಲರೂ ಬಲ್ಲ ಕ್ರಮ. ಆ ಲೆಕ್ಕದಲ್ಲಿ ಕೊಯ್ಲು ಬರುವುದು ಫೆಬ್ರುವರಿ, ಮಾರ್ಚ್ ತಿಂಗಳುಗಳಲ್ಲಿ, ಎಂದರೆ ಬಿಸಿಲು ದಿನದಿನಕ್ಕೆ ಏರುತ್ತಿರುವಾಗ. ಸಕ್ಕರೆ ಧಾವಿಸಿ ಬರುತ್ತದೆ, ಹುಳಿ ಅಷ್ಟೇ ಬೇಗ ಕರಗಿಹೋಗುತ್ತದೆ, ಸಿಪ್ಪೆಯ ಒಗರು ಇವೆರಡರ ವೇಗಕ್ಕೆ ಹೊಂದಲಾರದೆ ಹಿಂದುಳಿಯುತ್ತದೆ. ಅಲ್ಲಿ ಋತುವಿನ ಇಳಿತ, ಇಲ್ಲಿ ಋತುವಿನ ಏರಿಕೆ. ಈ ವೈಪರೀತ್ಯವನ್ನು ಎತ್ತರವೊಂದೇ ಸರಿಪಡಿಸುವುದೆಂದು ಭಾವಿಸುವುದು ಅರ್ಧ ಸತ್ಯ ಮಾತ್ರ. ಇದರ ಮೇಲೆ ನಮ್ಮ ಸೀಮೆಯ ಮಳೆಯ ರೀತಿಯೇ ಬೇರೆ. ಇಲ್ಲಿ ಅಕ್ಟೋಬರೇ ದೊಡ್ಡ ಮಳೆಯ ತಿಂಗಳು. ಎಳೆ ಚಿಗುರಿನ ಮೇಲೆ ಹಿಂಗಾರು ಸುರಿದರೆ ಬೂಜು ತುಪ್ಪಟ ರೋಗ ವಾರದೊಳಗೆ ತೋಟವನ್ನು ಆವರಿಸಬಲ್ಲದು.

ತಂಪಿಗೆ ಒಗ್ಗಿದ ಜೀವವನ್ನು ಉಷ್ಣದ ಸೀಮೆಗೆ ತರುವ ಕಷ್ಟವನ್ನು ಕೊಳ್ಳೇಗಾಲಕ್ಕೆ ಬೇರೆಯವರು ಕಲಿಸಬೇಕಾಗಿಲ್ಲ. ದ್ವಿತಳಿ ರೇಷ್ಮೆಹುಳುವಿನ ಗೂಡು ಎಷ್ಟೇ ಶ್ರೇಷ್ಠವಾಗಿರಲಿ, ಆ ಹುಳು ನಮ್ಮ ಬೇಸಗೆಯನ್ನು ತಾಳಲಾರದೆಂಬುದನ್ನೂ, ಮಿಶ್ರತಳಿಯು ಅಷ್ಟು ನಯವಾದ ನೂಲನ್ನು ಕೊಡದಿದ್ದರೂ ಮನೆಯನ್ನು ನಡೆಸುತ್ತದೆಂಬುದನ್ನೂ ಹುಳು ಸಾಕುವ ಮನೆಯ ಹೆಂಗಸರು ತಟ್ಟೆಯ ಮೇಲೆ ಕೈಯಾಡಿಸಿಯೇ ಹೇಳಬಲ್ಲರು. ಆ ವಿವೇಕವು ದ್ರಾಕ್ಷಿಯ ವಿಷಯದಲ್ಲಿ ಮಾತ್ರ ಮರೆತುಹೋಗಲು ಕಾರಣ, ವೈನಿಗೆ ಅಂಟಿಕೊಂಡಿರುವ ಅಂತಸ್ತು ಎಂದು ನನಗೆ ತೋರುತ್ತದೆ.

ಹಾಗಾದರೆ ಬೆಟ್ಟದ ಮೇಲೆಯೇ ನೆಡಬಾರದೇಕೆ? ಸಾವಿರ ಮೀಟರು ಏರಿದರೆ ಶಾಖವು ಆರು ಡಿಗ್ರಿಗಿಂತಲೂ ಹೆಚ್ಚು ಇಳಿಯುವುದಷ್ಟೆ. ಆದರೆ ಆ ಎತ್ತರವೆಲ್ಲ 2011ರಲ್ಲಿ ಹುಲಿ ಸಂರಕ್ಷಿತ ಪ್ರದೇಶವೆಂದು ಘೋಷಿತವಾದ ಕಾಡು. ಅದೇ ವರ್ಷ ಅಲ್ಲಿಯ ಆದಿವಾಸಿಗಳಾದ ಸೋಲಿಗರಿಗೆ ಸಾಮುದಾಯಿಕ ಅರಣ್ಯಹಕ್ಕುಗಳೂ ದೊರೆತುವು. ಇಂಗ್ಲಿಷರ ಕಾಲದ ಅತ್ತಿಕಾನು, ಹೊನ್ನಮೇಟಿಗಳ ಕಾಫಿ ತೋಟಗಳೂ ಪೋಡುಗಳೆಂಬ ತಮ್ಮ ಹಟ್ಟಿಗಳ ಬಳಿ ಸೋಲಿಗರು ಮರದ ನೆರಳಿನಲ್ಲಿ ಬೆಳೆಯುವ ಕಾಫಿ, ಮೆಣಸುಗಳೂ ಅಲ್ಲಿ ಉಂಟು. ಆದರೆ ದ್ರಾಕ್ಷಿಯು ಕಾಫಿಯಂತೆ ನೆರಳನ್ನು ಸಹಿಸದು, ತೆರೆದ ಬಿಸಿಲನ್ನೂ ಕಂಬ ತಂತಿಗಳ ಚಪ್ಪರವನ್ನೂ ಆನೆಯನ್ನು ತಡೆಯುವ ಬೇಲಿಯನ್ನೂ ಬೇಡುತ್ತದೆ. ಬಿಳಿಗಿರಿಯಿಂದ ಮಲೆ ಮಹದೇಶ್ವರ ಬೆಟ್ಟದ ಕಾಡಿಗೆ ಆನೆಗಳು ದಾಟುವ ಎಡೆಯಾರಹಳ್ಳಿ, ದೊಡ್ಡಸಂಪಿಗೆಗಳ ನಡುವಣ ಹಾದಿ ಈಗಾಗಲೇ ಎಷ್ಟು ಇಕ್ಕಟ್ಟಾಗಿದೆಯೆಂಬುದನ್ನು ಆ ಊರುಗಳವರನ್ನು ಕೇಳಿದರೆ ತಿಳಿಯುತ್ತದೆ. ಮೆಣಸಿನ ಪರಿಮಳಕ್ಕಾಗಿ ಕಾಡನ್ನು ಬಯಲು ಮಾಡಿ ದ್ರಾಕ್ಷಿ ನೆಡುವುದು, ಮೆಣಸೇ ಬೆಳೆಯುತ್ತಿರುವ ಬೆಟ್ಟದಲ್ಲಿ, ವಿಚಿತ್ರವಾದ ಸಾಹಸವಲ್ಲವೇ? ವೈನಿನವರು ಒಂದೊಂದು ಇಳಿಜಾರಿಗೂ ಹೆಸರಿಟ್ಟು ಅದರ ಮಹಿಮೆಯನ್ನು ಸಾರುವಷ್ಟು ಶ್ರದ್ಧೆಯನ್ನು ನಮ್ಮ ಸರ್ಕಾರಗಳು ಸೋಲಿಗರ ಕಾಫಿ ಮೆಣಸುಗಳಿಗೆ ತೋರಿದ್ದರೆ ಆ ಪೋಡುಗಳ ಆದಾಯ ಇಂದಿನಂತಿರುತ್ತಿರಲಿಲ್ಲ.

ಉಳಿದುದು ಬಯಲು. ಅಲ್ಲಿ ದ್ರಾಕ್ಷಿ ನೆಡುವ ಮಾತು ಬಂದೊಡನೆ ಸರ್ಕಾರದ ನೀತಿ ನೆನಪಾಗುತ್ತದೆ. ರಾಜ್ಯದಲ್ಲಿ ಸಾರಾಯಿಯನ್ನು ನಿಷೇಧಿಸಿದುದೂ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿಯನ್ನು ಹೊರಡಿಸಿದುದೂ ಒಂದೇ ವರ್ಷ, 2007ರಲ್ಲಿ. ಕೂಲಿಯವನ ಪಾನೀಯವು ಅಪರಾಧವೂ ಧನಿಕನ ಪಾನೀಯವು ತೋಟಗಾರಿಕೆಯೂ ಆದ ಆ ವರ್ಷದ ವಿಡಂಬನೆಯನ್ನು ನಾನು ಬೆಳೆಸುವುದಿಲ್ಲ. 1956ರವರೆಗೆ ಮದರಾಸಿನ ಕೊಯಮತ್ತೂರು ಜಿಲ್ಲೆಗೆ ಸೇರಿದ್ದು, ಅಲ್ಲಿಯ ಪಾನನಿರೋಧವನ್ನು ಕಂಡಿದ್ದ ಕೊಳ್ಳೇಗಾಲದ ಹಿರಿಯರು ಅದನ್ನು ನನಗಿಂತ ಚೆನ್ನಾಗಿ ವಿವರಿಸಿಯಾರು. ನನ್ನ ಆಕ್ಷೇಪ ಕುಡಿತದ ನೀತಿಯನ್ನು ಕುರಿತುದಲ್ಲ, ರೈತನ ಲೆಕ್ಕವನ್ನು ಕುರಿತುದು. ತಿನ್ನುವ ದ್ರಾಕ್ಷಿಯನ್ನು ವೈನ್ ಕಾರ್ಖಾನೆ ಬೇಡವೆಂದರೆ ಸಂತೆಯಲ್ಲಿ ಮಾರಬಹುದು, ಒಣಗಿಸಬಹುದು. ಸಿರಾದ ಹಣ್ಣು ಸಣ್ಣದು, ಬೀಜ ಹೆಚ್ಚು, ಸಿಪ್ಪೆ ದಪ್ಪ. ಅದನ್ನು ಕೊಳ್ಳುವವನು ವೈನ್ ಮಾಡುವವನೊಬ್ಬನೇ. ಬಿಸಿಲೇರುವ ಮುನ್ನ ಕೊಯ್ದು, ಗಂಟೆಗಳೊಳಗೆ ತಣ್ಣನೆಯ ಉಕ್ಕಿನ ತೊಟ್ಟಿಗೆ ಸೇರಿಸದಿದ್ದರೆ ಅವನಿಗೂ ಅದು ಬೇಡ. ಅಂಥ ತೊಟ್ಟಿಗಳಿಗೆ ಎಡೆಬಿಡದ ವಿದ್ಯುತ್ತು ಬೇಕು. ಹನೂರಿನ ಹಳ್ಳಿಗಳಲ್ಲಿ ಪಂಪ್‌ಸೆಟ್ಟಿಗೆ ಕರೆಂಟು ಯಾವ ಹೊತ್ತಿಗೆ ಬರುತ್ತದೆಂದು ಕಾದು ಕುಳಿತವರಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆದ್ದರಿಂದ ಮಾಡಬೇಕಾದುದು ಸಣ್ಣ ಕೆಲಸ. ಹರದನಹಳ್ಳಿಯ ಕೃಷಿ ವಿಜ್ಞಾನ ಕೇಂದ್ರವೋ ತೋಟಗಾರಿಕೆ ಇಲಾಖೆಯೋ ಲೊಕ್ಕನಹಳ್ಳಿಯ ಕಡೆಯ ಎತ್ತರದ ಹೊಲಗಳಲ್ಲಿ ಜನವರಿಯಿಂದ ಮಾರ್ಚಿನವರೆಗೆ ರಾತ್ರಿಯ ಶಾಖವನ್ನು ಕೆಲವು ವರ್ಷ ಬರೆದಿಡಲಿ. ಮಳೆ ನಿಂತ ಮೇಲೆ ತಡವಾಗಿ ಚಾಟನಿ ಮಾಡಿದರೆ ಏನಾಗುತ್ತದೆಂಬುದನ್ನು ಕಾಲೆಕರೆಯಲ್ಲಿ ನೋಡಲಿ. ಬಳ್ಳಿಯು ಫಲ ಕೊಡಲು ಎರಡು ಮೂರು ವರ್ಷ ಹಿಡಿಯುವುದರಿಂದ ಆ ಕಾಲದ ಖರ್ಚನ್ನೂ ತಾವೇ ಹೊರಲಿ. ಬಂದ ಹಣ್ಣಿನಲ್ಲಿ ಮೆಣಸಿನ ಪರಿಮಳ ಇಲ್ಲದೆ ಬೆಂದ ಜಾಮಿನ ವಾಸನೆಯೇ ಇದ್ದರೆ ಹಾಗೆಂದೇ ಪ್ರಕಟಿಸಲಿ. ಆ ಪರಿಮಳ ಇದ್ದಲ್ಲಿ ಸಂತೋಷವೇ, ಆದರೆ ಆಗಲೂ ಕಾರ್ಖಾನೆಯವರು ಹತ್ತು ವರ್ಷಗಳ ಖರೀದಿ ಕರಾರಿಗೆ ಸಹಿ ಹಾಕಿದ ಬಳಿಕವೇ ರೈತನು ಮೊದಲ ಕಂಬವನ್ನು ಹೂಳಬೇಕು.