ಬಿಸಿಲಲ್ಲಿ ಸೈಕಲ್ ತುಳಿದು ಬಂದವರು ತಕ್ಷಣ ತಣ್ಣೀರು ಕುಡಿಯಬಾರದೇ?

ಮಾರ್ಚ್ ಬಂತೆಂದರೆ ವಾಟ್ಸಾಪ್‌ನಲ್ಲಿ ಒಂದು ಸಂದೇಶ ತಪ್ಪದೇ ಬರುತ್ತದೆ. ಬಿಸಿಲಿನಿಂದ ಬಂದ ಕೂಡಲೇ ತಣ್ಣೀರು ಕುಡಿಯಬೇಡಿ, ಕೈಕಾಲು ತೊಳೆಯಬೇಡಿ, ಅರ್ಧ ಗಂಟೆ ಕಾಯಿರಿ, ಇಲ್ಲದಿದ್ದರೆ ಸಣ್ಣ ರಕ್ತನಾಳಗಳು ಒಡೆಯುತ್ತವೆ ಎಂದು ಅದು ಹೆದರಿಸುತ್ತದೆ. ಕೊನೆಯಲ್ಲಿ ‘ಎಲ್ಲ ಗ್ರೂಪಿಗೂ ಕಳುಹಿಸಿ’ ಎಂಬ ಸಾಲು, ಕೈಮುಗಿದ ಚಿತ್ರ. ಅಂಕೋಲಾ ತಾಲೂಕಿನ ಶೆಟಗೇರಿಯಂಥ ಊರಲ್ಲಿ ಮಧ್ಯಾಹ್ನ ಸೈಕಲ್ ತುಳಿದು ಮನೆಗೆ ಬಂದ ಮೊಮ್ಮಗಳಿಗೆ ಅಜ್ಜಿ ‘ತಡಿ ತಂಗಿ, ಮೊದಲು ಬೆವರು ಆರಲಿ’ ಎನ್ನುವುದು ಮೊಬೈಲ್ ಬರುವುದಕ್ಕಿಂತ ಹಿಂದಿನದು. ಫಾರ್ವರ್ಡ್ ಆ ಮಾತಿಗೆ ರಕ್ತನಾಳದ ಭಯವನ್ನು ಸೇರಿಸಿತು, ಅಷ್ಟೆ.

ರಕ್ತನಾಳ ಒಡೆಯುತ್ತದೆ ಎಂಬುದು ಸುಳ್ಳು. ತಣ್ಣೀರು ತಾಗಿದಾಗ ಚರ್ಮದ ಕೆಳಗಿನ ರಕ್ತನಾಳಗಳು ಸ್ವಲ್ಪ ಕುಗ್ಗುತ್ತವೆ, ಸೆಕೆಯಲ್ಲಿ ಹಿಗ್ಗುತ್ತವೆ. ಇದು ಅವು ದಿನವೂ ಮಾಡುವ ಕೆಲಸ. ಕುಡಿದ ನೀರಂತೂ ಹೊಟ್ಟೆಯೊಳಗೆ ಬೇಗನೆ ಮೈಯ ಬಿಸಿಗೆ ಬರುತ್ತದೆ. ಐಸ್ ನೀರನ್ನು ಗಟಗಟ ಕುಡಿದರೆ ಕ್ಷಣಕಾಲ ಹಣೆ ನೋಯಬಹುದು, ಹೊಟ್ಟೆ ಹಿಡಿದಂತಾಗಬಹುದು. ಹೃದಯದ ತೊಂದರೆ ಇರುವವರು ಒಮ್ಮೆಲೇ ಕೊರೆಯುವ ನೀರಿಗೆ ಇಳಿಯಬಾರದು ಎಂಬ ಎಚ್ಚರಿಕೆ ಸರಿಯಾದದ್ದು, ಆದರೆ ಅದು ಬೇರೆ ಮಾತು.

ಸೈಕಲ್ ತುಳಿಯುವವರ ಮೇಲೆಯೇ ಇದನ್ನು ಪರೀಕ್ಷಿಸಿದ್ದಾರೆ. 2008ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 8 ಗಂಡಸರು 35 ಡಿಗ್ರಿ ಬಿಸಿ, ಶೇ 60 ತೇವಾಂಶ ಇದ್ದ ಕೋಣೆಯಲ್ಲಿ ಸುಸ್ತಾಗಿ ನಿಲ್ಲುವವರೆಗೆ ಸೈಕಲ್ ತುಳಿದರು. ಒಮ್ಮೆ 4 ಡಿಗ್ರಿಯ ತಣ್ಣನೆಯ ಪಾನೀಯ, ಇನ್ನೊಮ್ಮೆ 37 ಡಿಗ್ರಿಯ ಬೆಚ್ಚನೆಯದು. ಬೆಚ್ಚನೆಯದು ಕುಡಿದಾಗ ಸರಾಸರಿ 52 ನಿಮಿಷಕ್ಕೆ ಕೈಚೆಲ್ಲಿದವರು, ತಣ್ಣಗಿನದು ಕುಡಿದಾಗ ಸುಮಾರು 64 ನಿಮಿಷ ತುಳಿದರು. ಎಂಟೇ ಜನ ನಿಜ. ಆದರೆ ಆ ಕೋಣೆಯ ಹವೆ ನಮ್ಮ ಕರಾವಳಿಯ ಏಪ್ರಿಲ್‌ನಂತೆಯೇ ಇತ್ತು ಎಂಬುದನ್ನು ಗಮನಿಸಿ.

ಕಲಬುರಗಿಯವರು ಹೇಳುವ ಬಿಸಿಲೇ ಬೇರೆ, ನಾವು ಹೇಳುವ ಸೆಕೆಯೇ ಬೇರೆ. ಹವಾಮಾನ ಇಲಾಖೆಯೂ ಈ ವ್ಯತ್ಯಾಸವನ್ನು ಒಪ್ಪುತ್ತದೆ. ಬಯಲು ಸೀಮೆಯಲ್ಲಿ ಶಾಖದ ಅಲೆ ಎಂದು ಘೋಷಿಸಲು ತಾಪಮಾನ ಕನಿಷ್ಠ 40 ಡಿಗ್ರಿ ಮುಟ್ಟಬೇಕು. ಕರಾವಳಿಯಲ್ಲಿ 37 ಡಿಗ್ರಿ ಮುಟ್ಟಿ, ಅದು ವಾಡಿಕೆಗಿಂತ 4.5 ಡಿಗ್ರಿ ಹೆಚ್ಚಿದ್ದರೆ ಸಾಕು. 2023ರ ಮಾರ್ಚ್ ಆರಂಭದಲ್ಲಿ ನಮ್ಮ ಕರಾವಳಿಗೆ ಇಂಥ ಎಚ್ಚರಿಕೆ ಬಂದಿತ್ತು.

ಮೈ ತಣಿಯುವುದು ಬೆವರು ಬಂದಾಗ ಅಲ್ಲ, ಬೆವರು ಆರಿದಾಗ. ಒಂದು ಲೀಟರ್ ಬೆವರು ಪೂರ್ತಿ ಆವಿಯಾದರೆ ಸುಮಾರು 580 ಕಿಲೋಕ್ಯಾಲೊರಿ ಶಾಖವನ್ನು ಹೊತ್ತೊಯ್ಯುತ್ತದೆ. ಗಲ್ಲದಿಂದ ತೊಟ್ಟಿಕ್ಕಿ ನೆಲಕ್ಕೆ ಬಿದ್ದ ಬೆವರಿನಿಂದ ಇಂಥ ಲಾಭ ಏನೂ ಇಲ್ಲ, ಮೈಯ ನೀರು ಮಾತ್ರ ಹೋಯಿತು. ಗಾಳಿಯಲ್ಲಿ ಮೊದಲೇ ತೇವ ತುಂಬಿರುವ ಕಡಲತೀರದಲ್ಲಿ ನಮ್ಮ ಬೆವರಿನ ಪಾಡು ಹೆಚ್ಚಾಗಿ ಇದೇ.

ಇಲ್ಲಿ ಸೈಕಲ್ಲಿಗೆ ಒಂದು ಅನುಕೂಲ ಇದೆ. ಗಂಟೆಗೆ 15 ಕಿ.ಮೀ. ವೇಗದಲ್ಲಿ ಹೋಗುವವರು ಅಷ್ಟೇ ವೇಗದ ಗಾಳಿಯನ್ನು ತಾವೇ ಉಂಟುಮಾಡಿಕೊಳ್ಳುತ್ತಾರೆ. ಆ ಗಾಳಿ ಚರ್ಮಕ್ಕಂಟಿದ ತೇವದ ಪದರವನ್ನು ಸರಿಸಿ ಬೆವರು ಆರಿಸುತ್ತದೆ. ನಡೆಯುವುದಕ್ಕಿಂತ ಸೈಕಲ್ ಹಿತ ಅನ್ನಿಸುವುದು ಅದಕ್ಕೇ. ಮನೆ ಮುಟ್ಟಿ ಇಳಿದೊಡನೆ ಧಾರಾಕಾರ ಬೆವರುವುದೂ ಅದಕ್ಕೇ: ಮೈಯೊಳಗಿನ ಬಿಸಿ ಇನ್ನೂ ಇದೆ, ಗಾಳಿ ಮಾತ್ರ ನಿಂತಿದೆ. ‘ಬೆವರು ಆರಲಿ’ ಎಂದು ಮುಚ್ಚಿದ ಕೋಣೆಯಲ್ಲಿ ಕೂರಿಸಿದರೆ ಅದು ಬೇಗ ಆರುವುದೂ ಇಲ್ಲ. ಜಗಲಿ ಅಥವಾ ಫ್ಯಾನ್ ಕೆಳಗೆ ಕೂತು, ಮುಖ, ಕುತ್ತಿಗೆ, ಕೈಗಳಿಗೆ ನೀರು ಹಾಕಿಕೊಳ್ಳುವುದು ಒಳ್ಳೆಯದು.

ಕರಾವಳಿಯಲ್ಲಿ ಇನ್ನೊಂದು ಸಂಗತಿ ಇದೆ, ಅದನ್ನು ಯಾವ ಫಾರ್ವರ್ಡೂ ಹೇಳುವುದಿಲ್ಲ. ಬೇಸಿಗೆಯಲ್ಲಿ ಹೊತ್ತೇರಿದ ಮೇಲೆ ಕಡಲಗಾಳಿ ಪಶ್ಚಿಮದಿಂದ ಒಳನಾಡಿನ ಕಡೆ ಬೀಸುತ್ತದೆ. ನೀವು ಕಡಲ ಕಡೆ ಹೊರಟಿದ್ದರೆ ಅದು ಎದುರುಗಾಳಿ. ತುಳಿಯುವುದು ಕಷ್ಟ, ಮೈ ತಂಪು. ಪೂರ್ವಕ್ಕೆ ಹೊರಟಿದ್ದರೆ ಹಿಂಗಾಳಿ. ಗಂಟೆಗೆ 12 ಕಿ.ಮೀ. ವೇಗದ ಗಾಳಿ ಬೆನ್ನಿಗಿದ್ದು, ನೀವೂ ಅಷ್ಟೇ ವೇಗದಲ್ಲಿ ಸಾಗಿದರೆ ನಿಮ್ಮ ಮೈ ಸುತ್ತ ಗಾಳಿ ಆಡುವುದೇ ಇಲ್ಲ. ಸಲೀಸಾದ ದಾರಿ ಎನ್ನಿಸುವಾಗಲೇ ಸೆಕೆ ಹೆಚ್ಚು. ಅದರ ಜೊತೆ ಒಂದು ಏರು ಸಿಕ್ಕಿತೋ, ಅಲ್ಲಿ ಇಳಿದು ತಳ್ಳಿಕೊಂಡು ಹೋಗುವುದರಲ್ಲಿ ಮರ್ಯಾದೆಯ ಪ್ರಶ್ನೆ ಏನಿಲ್ಲ. ನಾವು ತುಳಿಯುವಾಗ ಮೈ ಖರ್ಚು ಮಾಡುವ ಶಕ್ತಿಯಲ್ಲಿ ಕಾಲು ಭಾಗವೂ ಪೆಡಲಿಗೆ ಸೇರುವುದಿಲ್ಲ, ಉಳಿದದ್ದೆಲ್ಲ ಶಾಖ. ಹಾಗಾಗಿ ನಿಧಾನಿಸುವುದೇ ಎಲ್ಲಕ್ಕಿಂತ ಅಗ್ಗದ ಉಪಾಯ. ಸಾಧ್ಯವಾದರೆ 12ರಿಂದ 3 ಗಂಟೆಯ ನಡುವೆ ಹೊರಡಬೇಡಿ. ಶಾಲೆ ಬಿಡುವ ಹೊತ್ತು ಮಕ್ಕಳ ಕೈಯಲ್ಲಿಲ್ಲ ಎಂಬುದು ಬೇರೆ ವಿಷಯ. ಅದು ದೊಡ್ಡವರು ಯೋಚಿಸಬೇಕಾದದ್ದು. ಸೆಕೆಗೆ ಮೈ ಒಗ್ಗಲು ಒಂದೆರಡು ವಾರ ಬೇಕು, ಆದ್ದರಿಂದ ಬೇಸಿಗೆಯ ಮೊದಲ ಬಿಸಿ ದಿನಗಳಲ್ಲೇ ಹೆಚ್ಚು ಜಾಗ್ರತೆ ಬೇಕು.

ಹತ್ತಿಯ ಅಂಗಿಯೇ ಆಗಬೇಕೆಂದಿಲ್ಲ, ಸಡಿಲವಾಗಿರಬೇಕು. ಹೊರಡುವ ಮುಂಚೆ ಅಂಗಿಯ ಬೆನ್ನು, ಕುತ್ತಿಗೆಯ ಬಟ್ಟೆ ಒದ್ದೆ ಮಾಡಿಕೊಂಡರೆ ಗಾಳಿ ನಿಮ್ಮ ಬೆವರಿನ ಬದಲು ಆ ನೀರನ್ನು ಆರಿಸುತ್ತದೆ.

ಇನ್ನು ಈರುಳ್ಳಿ. ಜೇಬಲ್ಲಿ ಈರುಳ್ಳಿ ಇಟ್ಟುಕೊಂಡರೆ ಬಿಸಿಲು ಬಡಿಯದು ಎಂಬ ಸಂದೇಶವೂ ಸುತ್ತುತ್ತಿದೆ. ಬೇಸಿಗೆಯಲ್ಲಿ ಕುಮಟಾದ ಹೆದ್ದಾರಿ ಬದಿಯಲ್ಲಿ ಗೊಂಚಲು ಗೊಂಚಲಾಗಿ ತೂಗುಹಾಕುವ ಸಿಹಿ ಈರುಳ್ಳಿ ಊಟಕ್ಕೆ ಬಲು ರುಚಿ. ಜೇಬಿನಲ್ಲಿ ಅದು ಬರೀ ಭಾರ.

ಕುಡಿಯುವ ವಿಷಯಕ್ಕೆ ಬಂದರೆ, ಅರ್ಧ ಗಂಟೆಯ ದಾರಿಗೆ ಬರೀ ನೀರು ಸಾಕು. ಗಂಟೆಗಟ್ಟಲೆ ತುಳಿದು ಬೆವರಿದರೆ ಉಪ್ಪೂ ಬೇಕು: ಉಪ್ಪು ಹಾಕಿದ ಗಂಜಿ ತಿಳಿ, ಮಜ್ಜಿಗೆ, ಕೋಕಂ ಪಾನಕ, ಯಾವುದಾದರೂ ಆದೀತು. ಒಂದು ಲೀಟರ್ ನೀರಿಗೆ 6 ಸಮ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಎಂಬ ಹಳೆಯ ಅಳತೆಯೂ ಸರಿ (ಚಹಾ ಚಮಚ). ಉಪ್ಪು ಇಲ್ಲದೆ ಲೀಟರುಗಟ್ಟಲೆ ನೀರನ್ನೇ ಕುಡಿಯುತ್ತ ಹೋದರೆ ರಕ್ತದಲ್ಲಿ ಸೋಡಿಯಂ ಇಳಿದು ಅಪಾಯವಾಗಬಹುದು.

ಈ ಫಾರ್ವರ್ಡಿನಿಂದ ನಿಜವಾದ ಹಾನಿ ಆಗುವುದು ಯಾರಾದರೂ ದಾರಿಯಲ್ಲಿ ಕುಸಿದಾಗ. ಮಾತು ತೊದಲುವುದು, ಗೊಂದಲ, ತೂರಾಡುವುದು, ಎಚ್ಚರ ತಪ್ಪುವುದು, ಇವು ಶಾಖಾಘಾತದ ಲಕ್ಷಣಗಳು. ‘ಬೆವರುತ್ತಿದ್ದಾನಲ್ಲ, ಏನೂ ಆಗಿಲ್ಲ’ ಎನ್ನಬೇಡಿ. ಶ್ರಮದಿಂದ ಬರುವ ಶಾಖಾಘಾತದಲ್ಲಿ ಬೆವರು ಹರಿಯುತ್ತಲೇ ಇರಬಹುದು. ಮೈಯೊಳಗಿನ ಬಿಸಿ 40 ಡಿಗ್ರಿ ದಾಟಿದಾಗ ಮಿದುಳು, ಮೂತ್ರಪಿಂಡಗಳಿಗೆ ಪ್ರತಿ ನಿಮಿಷವೂ ಪೆಟ್ಟು. ಆಗ ‘ತಣ್ಣೀರು ಹಾಕಬೇಡಿ, ರಕ್ತನಾಳ ಒಡೆದೀತು’ ಎಂದು ಸುತ್ತ ನಿಂತವರು ತಡೆದರೆ, ಉಳಿಸಬಹುದಾದ ಜೀವ ಹೋಗಬಹುದು. ಶಾಖಾಘಾತಕ್ಕೆ ಚಿಕಿತ್ಸೆಯೇ ತಣ್ಣೀರು. 108ಕ್ಕೆ ಕರೆ ಮಾಡಿ, ನೆರಳಿಗೆ ಎಳೆದುಕೊಳ್ಳಿ, ಬಟ್ಟೆ ಸಡಿಲಿಸಿ, ಬಾವಿಯ ನೀರೋ ನಲ್ಲಿಯ ನೀರೋ ಕೊಡದಿಂದ ಮೈಮೇಲೆ ಸುರಿಯುತ್ತಾ ಗಾಳಿ ಹಾಕಿ. ಪೂರ್ತಿ ಎಚ್ಚರ ಇಲ್ಲದವರ ಬಾಯಿಗೆ ಮಾತ್ರ ನೀರು ಹಾಕಬೇಡಿ. ಆಂಬುಲೆನ್ಸ್ ಬರುವ ತನಕವೂ ಸುರಿಯುವುದನ್ನು ನಿಲ್ಲಿಸಬೇಡಿ.